ಕಾಗೆ ನೋಡುವ ಹೆಲ್ಮೆಟ್ಟು

ನಮ್ಮ ಮನೆಯ ಮಹಡಿ ಬಾಗಿಲ ಹಿಂದೆ ಒಂದು ಹೆಲ್ಮೆಟ್ಟು ನೇತಾಡುತ್ತಿರುತ್ತದೆ. ನಮ್ಮಲ್ಲಿ ಸ್ಕೂಟರೂ ಇಲ್ಲ, ಬೈಕೂ ಇಲ್ಲ. ನಮ್ಮ ಯಜಮಾನರದು ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ, ನಡೆದೇ ಹೋಗುತ್ತಾರೆ. ನಾನು ಕೊಡಿಗೇನಹಳ್ಳಿಯ ಶಾಲೆಯಲ್ಲಿ ಹಿಂದಿ ಹೇಳಿಕೊಡುವವಳು, ಬಸ್ಸಿನಲ್ಲಿ ಹೋಗಿಬರುತ್ತೇನೆ. ಹೀಗಿರುವಾಗ ಮನೆಗೆ ಬಂದವರು ಕೇಳದೆ ಇರುತ್ತಾರೆಯೇ?

"ಹೆಲ್ಮೆಟ್ ಯಾರ್ದು ಮೇಡಂ?"

"ನಂದೇ."

"ಗಾಡಿ?"

"ಗಾಡಿ ಇಲ್ಲ. ಕಾಗೆ ನೋಡುವಾಗ ಹಾಕ್ಕೊಳ್ತೀನಿ."

ಅಲ್ಲಿಂದಾಚೆಗೆ ಕಾಫಿ ಲೋಟ ಕೆಳಗಿಡುವವರೆಗೂ ಅವರು ನನ್ನ ಮುಖವನ್ನು ನೇರವಾಗಿ ನೋಡುವುದಿಲ್ಲ. ನೀವೂ ಹಾಗೆ ಮಾಡಬೇಡಿ. ನೀವು ನಮ್ಮವರು, ಪೂರ್ತಿ ಕೇಳಿ ಆಮೇಲೆ ಏನು ಬೇಕಾದರೂ ಅಂದುಕೊಳ್ಳಿ.

ಆಷಾಢ ಬಂತೆಂದರೆ ಬೇರೆ ಊರುಗಳಿಗೆ ಮಳೆ ಬರುತ್ತದಂತೆ. ನಮ್ಮ ಮಧುಗಿರಿಗೆ ಬರುವುದು ಗಾಳಿ. ಮೋಡ ಬರುತ್ತದೆ, ನಮ್ಮ ಕಡೆ ಒಂದು ಸಲ ಕಣ್ಣುಹಾಯಿಸುತ್ತದೆ, ಆಂಧ್ರದ ಕಡೆಗೆ ಹೊರಟುಹೋಗುತ್ತದೆ. ಗಾಳಿ ಮಾತ್ರ ಇಲ್ಲೇ ಬೀಡುಬಿಡುತ್ತದೆ. ಒಣಹಾಕಿದ ಸೀರೆಯನ್ನು ಮೂರನೇ ಮನೆಯವರ ಹತ್ತಿರ ಹೋಗಿ ಕೇಳಿ ತರಬೇಕು. ಬಾಗಿಲುಗಳು ತಮ್ಮಷ್ಟಕ್ಕೆ ತಾವೇ ಜಗಳವಾಡಿಕೊಳ್ಳುತ್ತವೆ. ತಿನ್ನುವ ಅನ್ನದಲ್ಲೂ ಮಣ್ಣು. ಊರಿನವರೆಲ್ಲ ಆಷಾಢವನ್ನು ಬೈಯುತ್ತಾ ಕಳೆಯುತ್ತಾರೆ. ನಾನೊಬ್ಬಳು ಮಾತ್ರ ಮದುವೆಯ ಮನೆಯ ಹುಡುಗಿಯ ಹಾಗೆ ಕಾಯುತ್ತೇನೆ. ಏಕೆಂದರೆ ಆ ಒಂದು ತಿಂಗಳು ನಮ್ಮೂರಿನ ಕಾಗೆಗಳು ಕಾಗೆಗಳಾಗಿರುವುದಿಲ್ಲ.

ಬೇರೆ ದಿನಗಳಲ್ಲಿ ಕಾಗೆ ಏನು ಮಾಡುತ್ತದೆ? ಕಸದ ತೊಟ್ಟಿ ಕೆದಕುತ್ತದೆ, ಸಂಡಿಗೆ ಕದಿಯುತ್ತದೆ, ಬೆಳಗಿನ ಜಾವದ ನಿದ್ದೆ ಕೆಡಿಸುತ್ತದೆ. ಆಷಾಢದಲ್ಲಿ ಅದಕ್ಕೆ ಹೊಟ್ಟೆಯ ನೆನಪೇ ಇರುವುದಿಲ್ಲ. ನಮ್ಮ ಮಹಡಿಯ ಮೇಲೆ ನಿಂತರೆ ಎದುರಿಗೆ ಬೆಟ್ಟ, ಇಡೀ ಒಂದೇ ಕಲ್ಲು. ಬಯಲ ಮೇಲೆ ತಡೆಯಿಲ್ಲದೆ ಓಡಿಬಂದ ಗಾಳಿ ಆ ಬಂಡೆಗೆ ಡಿಕ್ಕಿ ಹೊಡೆದು, ಬೇರೆ ದಾರಿ ಕಾಣದೆ ಮೇಲಕ್ಕೇರುತ್ತದೆ. ಅಲ್ಲಿ ಕಾಯುತ್ತಿರುತ್ತವೆ ಕಾಡುಕಾಗೆಗಳು. ಮೈಯೆಲ್ಲ ಕಪ್ಪು, ದಪ್ಪ ಕೊಕ್ಕು, ಊರುಕಾಗೆಯ ಬೂದು ಕುತ್ತಿಗೆ ಅವಕ್ಕಿಲ್ಲ. ರೆಕ್ಕೆ ಬಡಿಯುವುದಿಲ್ಲ ಕಣ್ರೀ. ಬರೀ ಬಿಚ್ಚುತ್ತವೆ. ಗಾಳಿ ಎತ್ತಿಕೊಂಡು ಬೆಟ್ಟದ ಮೇಲಿನ ಕೋಟೆಯ ಗೋಡೆಯವರೆಗೂ ಒಯ್ಯುತ್ತದೆ. ಅಲ್ಲಿ ರೆಕ್ಕೆ ಮಡಚಿ ಕಲ್ಲು ಬಿದ್ದ ಹಾಗೆ ಬೀಳುತ್ತವೆ. ಸತ್ತಿತು ಅಂದುಕೊಂಡು ನಾನು ಉಸಿರು ಹಿಡಿದಿರುವಾಗ ಒಂದಿಷ್ಟೇ ರೆಕ್ಕೆ ತೆರೆದು, ಬಂಡೆಯನ್ನು ಸವರಿಕೊಂಡು, ಮತ್ತೆ ಮೇಲಕ್ಕೆ. ಕೆಲವು ಅಂಗಾತ ಮಗುಚಿ ಕಾಲನ್ನು ಆಕಾಶಕ್ಕೆ ತೋರಿಸಿ ಮತ್ತೆ ನೆಟ್ಟಗಾಗುತ್ತವೆ. ಒಂದು ಕಾಗೆ ಬಾಯಲ್ಲಿದ್ದ ಕಡ್ಡಿಯನ್ನು ಬೇಕೆಂದೇ ಬಿಟ್ಟು, ಕೆಳಗೆ ಧುಮುಕಿ, ನೆಲ ಮುಟ್ಟುವ ಮೊದಲೇ ಹಿಡಿದದ್ದನ್ನು ನೋಡಿದ್ದೇನೆ. ಹಿಡಿದು ಮತ್ತೆ ಬಿಟ್ಟಿತು! ಅಯ್ಯೋ, ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದ ಮಹಡಿಯವರು ತಮ್ಮ ಸೊಸೆಯನ್ನು ಕರೆದು ನನ್ನನ್ನು ತೋರಿಸಿದರು.

ಊರುಕಾಗೆಗಳ ಕಲೆ ಬೇರೆ. ಅವು ಬೆಟ್ಟಕ್ಕೆ ಹೋಗುವುದಿಲ್ಲ, ಬೀದಿಯಲ್ಲೇ ಆಡುತ್ತವೆ. ಉಯ್ಯಾಲೆಯಂತೆ ತೂಗುವ ಕರೆಂಟಿನ ತಂತಿಯ ಮೇಲೆ ಕೂರಬೇಕಾದರೆ ನೇರ ಬಂದು ಕೂರಲಾರವು. ತಂತಿಯನ್ನು ದಾಟಿ ಮುಂದೆ ಹೋಗಿ, ತಿರುಗಿ, ಗಾಳಿಗೆ ಮುಖ ಕೊಟ್ಟು, ಗಾಳಿಯಲ್ಲೇ ನಿಂತುಬಿಡುತ್ತವೆ. ನಿಂತಲ್ಲೇ ಕಾಲು ಇಳಿಬಿಟ್ಟು, ತಂತಿ ತಮ್ಮ ಕಾಲ ಕೆಳಗೆ ಬರುವುದನ್ನು ಕಾದು, ಹಿಡಿದುಕೊಳ್ಳುತ್ತವೆ. ನಾನು ಓಡುತ್ತಿರುವ ಬಸ್ಸಿನಲ್ಲಿ ಕಂಬಿ ಹಿಡಿಯಲು ಪಡುವ ಪಾಡು ನೆನೆದರೆ ನಾಚಿಕೆಯಾಗುತ್ತದೆ.

ಒಮ್ಮೆ ಶಾಲೆಯ ಪ್ರವಾಸದಲ್ಲಿ ಮಲ್ಪೆಗೆ ಹೋಗಿದ್ದೆವು. ಎಲ್ಲರೂ ಸಮುದ್ರ ನೋಡಿದರು, ನಾನು ಸಮುದ್ರಕ್ಕೆ ಬೆನ್ನು ಹಾಕಿ ತೆಂಗಿನ ಮರಗಳ ಮೇಲೆ ಆಡುತ್ತಿದ್ದ ಕಾಗೆಗಳನ್ನು ನೋಡುತ್ತಾ ನಿಂತೆ. ಕಡಲ ಗಾಳಿ ದೊಡ್ಡ ಮನುಷ್ಯರ ಗಾಳಿ, ಒಂದೇ ಸಮ ಬೀಸುತ್ತದೆ. ಅದರ ಮೇಲೆ ಕಾಗೆಗಳು ಆರಾಮಾಗಿ ಒರಗಿಕೊಂಡು ತೇಲುತ್ತಿದ್ದವು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ನಮ್ಮ ಗಾಳಿ ಬಂಡೆಗೆ ತಲೆ ಚಚ್ಚಿಕೊಂಡು ಹುಚ್ಚೆದ್ದ ಗಾಳಿ, ಯಾವ ಕಡೆಯಿಂದ ಒದೆಯುತ್ತದೋ ಅದಕ್ಕೇ ಗೊತ್ತಿಲ್ಲ. ಅದರಲ್ಲಿ ಆಡುವವರೇ ಬೇರೆ. ನನ್ನ ಜೊತೆಯ ಪಾವಗಡದ ಟೀಚರು ಬಂದು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಏಮಮ್ಮಾ, ಅಷ್ಟು ದೂರದಿಂದ ಬಂದು ಕಾಕಿ ಚೂಸ್ತಾ ನಿಂತಿದೀಯಲ್ಲಾ! ಮಧುಗಿರೀಲಿ ಕಾಕಿ ಇಲ್ವಾ?" ಎಂದು ತಲೆ ಚಚ್ಚಿಕೊಂಡರು. ಮಧುಗಿರಿಯವೇ ಮೇಲು ಎಂದು ನಾನು ಹೇಳಿದ್ದು ಅವರಿಗೆ ಉತ್ತರವೆನಿಸಲಿಲ್ಲ.

ಈ ಹುಚ್ಚು ಹಿಡಿಸಿದವನು ನಮ್ಮಣ್ಣ. ನಮ್ಮ ತವರು ಸಿರಾ ತಾಲ್ಲೂಕಿನ ಗೌಡಗೆರೆ. ಅಂಗಳದಲ್ಲಿ ದೊಡ್ಡದೊಂದು ಹುಣಸೆಮರ, ಅದರ ತುಂಬ ಕಾಗೆ ಗೂಡು. ಆಷಾಢದಲ್ಲಿ ಅಣ್ಣ ಜೇಬಿನ ತುಂಬ ಕಡಲೇಕಾಯಿ ತುಂಬಿಕೊಂಡು ನನ್ನನ್ನು ಕಣದ ಬದುವಿಗೆ ಕರೆದೊಯ್ಯುತ್ತಿದ್ದ. ಒಂದೊಂದೇ ಬೀಜ ಗಾಳಿಗೆ ಎಸೆಯುವುದು. ಗಾಳಿ ಅದನ್ನು ಎತ್ತ ಒಯ್ಯುತ್ತದೆಂದು ನಮಗೆ ತಿಳಿಯುವ ಮೊದಲೇ ಮರದಿಂದ ಹೊರಟ ಕಾಗೆಗೆ ತಿಳಿದಿರುತ್ತಿತ್ತು. ಬೀಜ ಹೋಗುವ ಕಡೆಗಲ್ಲ, ಬೀಜ ಬಂದು ಸೇರುವ ಕಡೆಗೆ ಹಾರುತ್ತಿತ್ತು. ಟಪ್ಪನೆ ಬಾಯಿಗೆ.

"ನೋಡ್ದಾ? ಓದ್ದೆ ಇದ್ರೂ ಲೆಕ್ಕ ಬತ್ತದೆ ಅವಕ್ಕೆ. ನಿಂಗೆ ಮೂರರ ಮಗ್ಗಿ ಬರಕಿಲ್ಲ" ಎನ್ನುತ್ತಿದ್ದ.

ನಾನು ಎಸೆದರೆ ಬೀಜ ನನ್ನ ಕಾಲ ಬಳಿಯೇ ಬೀಳುತ್ತಿತ್ತು, ಕಾಗೆಗಳು ತಿರುಗಿಯೂ ನೋಡುತ್ತಿರಲಿಲ್ಲ. ಅವಕ್ಕೂ ಮರ್ಯಾದೆ ಇರುತ್ತದೆ.

ಆ ಹುಣಸೆಮರವನ್ನು ಅದೇ ಅಣ್ಣ ಕಡಿಸಿಹಾಕಿದ. ಹಬ್ಬಕ್ಕೆಂದು ಬಸ್ಸಿಳಿದು ನಡೆದು ಹೋದರೆ ಅಂಗಳ ಬೋಳು ಬೋಳು. ಬುಡದ ಸುತ್ತ ಗೂಡಿನ ಕಡ್ಡಿ ಚೆಲ್ಲಿದ್ದವು. ನನಗೆ ಬಂದ ಕೋಪ ಹೇಳತೀರದು. ಬಾಗಿಲಲ್ಲೇ ನಿಂತು, "ಇನ್ಮೇಲೆ ಈ ಹೊಸಿಲು ತುಳಿಯಾಕಿಲ್ಲ" ಅಂದೆ. ಅವನು, "ತುಳೀಬ್ಯಾಡ ಬುಡು" ಅಂದ. ಅಷ್ಟೇ ನೋಡಿ. ಹೋದ ಕಾಲಲ್ಲೇ ತಿರುಗಿ ಬಸ್ಸು ಹತ್ತಿದೆ. ಆಮೇಲೆ ಅವನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಗೌರಿಗೆ ಬಾಗಿನ ಬರುವುದು ನಿಂತಿತು. ನಮ್ಮ ಮನೆತನದವರಿಗೆ ಮೂಗಿನ ತುದಿಯಲ್ಲಿ ಕೋಪ, ಅದನ್ನು ಇಳಿಸುವ ವಿದ್ಯೆ ಮಾತ್ರ ಯಾರೂ ಕಲಿಸಿಲ್ಲ. ಮೂರು ಆಷಾಢ ಹೀಗೇ ಹೋದವು. ಗಾಳಿ ಎದ್ದಾಗಲೆಲ್ಲ, ಈಗ ಅವನೂ ಬದುವಿನ ಮೇಲೆ ನಿಂತಿದ್ದಾನೋ ಏನೋ ಅನಿಸಿ ಸಿರಾ ರಸ್ತೆಯ ಕಡೆಗೆ ತಿರುಗಿ ನೋಡುತ್ತಿದ್ದೆ.

ಕಳೆದ ಆಷಾಢದ ಒಂದು ಶನಿವಾರ, ಮಧ್ಯಾಹ್ನ ಶಾಲೆಯಿಂದ ಬಂದವಳೇ ಮಹಡಿಗೆ ಹೋದೆ. ನಮ್ಮತ್ತೆಯೂ ಬಟ್ಟೆ ತೆಗೆಯಲು ಬಂದಿದ್ದರು. ನಮ್ಮತ್ತೆ ಕೊರಟಗೆರೆಯ ಕಡೆಯವರು, ಸಿದ್ದರಬೆಟ್ಟದ ತಪ್ಪಲಿನ ಹಳ್ಳಿ. ಈ ವಯಸ್ಸಿನಲ್ಲೂ ಮೆಟ್ಟಿಲನ್ನು ನನಗಿಂತ ಬೇಗ ಹತ್ತುತ್ತಾರೆ. ನಾನು ಅಡ್ಡಗೋಡೆಗೆ ಒರಗಿ ಬೆಟ್ಟದ ಕಡೆ ನೋಡುತ್ತಿದ್ದೆ. ಒಂದು ಕಾಗೆ ಗೋಡೆಯ ಮಗ್ಗುಲನ್ನೇ ಹಿಡಿದು, ಗಾಳಿ ಕಡಿಮೆ ಇರುವ ಸಂದಿಯಲ್ಲಿ ತಗ್ಗಾಗಿ ಬಂತು. ಅದರ ದಾರಿಯಲ್ಲಿ ನನ್ನ ತಲೆ ಇತ್ತು. ಅದು ತಪ್ಪಿದ್ದೇನಲ್ಲ, ನಾನು ಅದರ ರಸ್ತೆಯಲ್ಲಿ ನಿಂತಿದ್ದೆ. ಕೊನೇ ಗಳಿಗೆಯಲ್ಲಿ ಎದ್ದಿತು, ಎರಡೂ ಕಾಲು ನನ್ನ ನೆತ್ತಿಗೆ ತಾಗಿಸಿ, ಅಲ್ಲೇ ಒಂದು ಸಣ್ಣ ಒತ್ತು ಕೊಟ್ಟು ಆಚೆಗೆ ಹಾರಿತು. ಎಷ್ಟು ಹಗುರ ಅಂತೀರಿ! ನಾನು ಬೆರಗಾಗಿ ನೋಡುತ್ತಲೇ ಇದ್ದೆ.

ಹಿಂದಿನಿಂದ ಬಟ್ಟೆಯ ಗಂಟು ದೊಪ್ಪನೆ ಬಿದ್ದ ಸದ್ದಾಯಿತು.

"ಅಯ್ಯಯ್ಯೋ ಸಿವನೇ! ಕಾಗೆ ಮುಟ್ಬುಡ್ತಲ್ಲೇ ತಲೇನ!"

ನಿಮ್ಮಲ್ಲಿ ಹೇಗೋ ಕಾಣೆ, ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಸಾವು ಮುಟ್ಟಿದ ಹಾಗೆ. ಅದಕ್ಕೆ ಪರಿಹಾರವೂ ಇದೆ. ಮುಟ್ಟಿಸಿಕೊಂಡವರು ಸತ್ತರೆಂದು ಹತ್ತಿರದ ಸಂಬಂಧಿಕರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಕಣ್ಣೀರು ಹಾಕಬೇಕು. ಸಾವಿಗೆ ಸಲ್ಲಬೇಕಾದ ಅಳು ಸಂದಿತು, ಲೆಕ್ಕ ಚುಕ್ತಾ, ಇನ್ನು ಅದು ಈ ಕಡೆ ಬರುವುದಿಲ್ಲ. ಆಮೇಲೆ ಅತ್ತವರಿಗೆ ಪಾಯಸದ ಊಟ ಹಾಕಿ, ಬೈಸಿಕೊಂಡು ಕಳಿಸುವುದು.

ನಮ್ಮತ್ತೆಯ ತಮ್ಮನಿಗೆ ಹಿಂದೆ ಹೀಗೇ ಆಗಿತ್ತು. ಸುದ್ದಿ ಕಳಿಸಿ ಅವರನ್ನು ಅಡುಗೆಮನೆಯಲ್ಲಿ ಕೂರಿಸಿ ಚಿತ್ರಾನ್ನ ಕೊಟ್ಟಿದ್ದರಂತೆ. ನಡುಮನೆಯಲ್ಲಿ ನೆಂಟರು ಗೋಳಾಡುತ್ತಿದ್ದರು. ಅಷ್ಟರಲ್ಲಿ ಆ ತಮ್ಮನ ನಾದಿನಿ ಮೂಗು ಒರೆಸಿಕೊಂಡು, "ಮನ್ಸ ಒಳ್ಳೇನೆ, ಬಾಯಿ ಒಂದು ಸರಿಗಿರ್ನಿಲ್ಲ" ಎಂದರಂತೆ. ಸತ್ತವರು ಚಿತ್ರಾನ್ನದ ತಟ್ಟೆ ಹಿಡಿದೇ ಹೊರಗೆ ಬಂದು, "ಯಾರ್ಲೇ ಅದು ನನ್ ಬಾಯಿಗೆ ಹೆಸ್ರಿಡೋಳು?" ಎಂದು ಶುರುಮಾಡಿದರು. ಅವತ್ತು ಇಬ್ಬರು ಮೂರ್ಛೆ ಹೋದರಂತೆ. ದೋಷವೇನೋ ಹೋಯಿತು, ನಾದಿನಿಯ ಮನೆಗೆ ಹೋಗಿಬರುವುದೂ ಅದರ ಜೊತೆಗೇ ಹೋಯಿತು.

"ನಿನ್ ತವರಿಗೆ ಸುದ್ದಿ ಕಳ್ಸಬೇಕು ಕಣಮ್ಮ. ಒಡಹುಟ್ಟಿದೋರ ಕಣ್ಣೀರೇ ಆಗ್ಬೇಕು" ಎಂದರು ಅತ್ತೆ.

"ಅತ್ತೆ, ನಾನು ಟೀಚರ್ರು. ಇದನ್ನೆಲ್ಲ ನಂಬಿದ್ರೆ ಮಕ್ಕಳು ನಗ್ತವೆ."

"ನೀನು ನಂಬಬ್ಯಾಡ. ಅಳೋರು ನಂಬುದ್ರೆ ಸಾಕು. ಆದ್ರೆ ನಿಜ್ವಾಗ್ಲೂ ಅಳಬೇಕು. ಸುಳ್ಳು ಅಂತ ಗೊತ್ತಾಗಿ ಅತ್ರೆ ಅದು ನಾಟ್ಕದ ಅಳು, ಆಗಾಕಿಲ್ಲ."

ನಮ್ಮ ಯಜಮಾನರು ಸಂಜೆ ಬಂದು ವಿಷಯ ಕೇಳಿ, ಎದುರಿಗೆ ಬರುವ ಕಾಗೆಯೂ ಕಾಣದಿದ್ದರೆ ಸೋಮವಾರ ಕಣ್ಣು ಪರೀಕ್ಷೆಗೆ ಬಾ ಎಂದರು. ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆದರೆ ಒಳಗೆ ಹೆದರಿಕೆ ಶುರುವಾಗಿತ್ತು. ಕಾಗೆಯ ಹೆದರಿಕೆಯಲ್ಲ. ಒಂದು ವೇಳೆ ಅಣ್ಣನಿಗೆ ಸುದ್ದಿ ಹೋಗಿ, ನಾನು ಸತ್ತೆನೆಂದು ಕೇಳಿಯೂ ಅವನು ಬಾರದೆ ಹೋದರೆ? ಸತ್ತ ಮೇಲೆ ಯಾರು ಬಂದರು ಯಾರು ಬರಲಿಲ್ಲ ಎಂಬುದನ್ನು ಸತ್ತವರು ನೋಡಬೇಕಾಗಿಲ್ಲ, ಅದೊಂದು ಪುಣ್ಯ. ನಾನು ಬದುಕಿದ್ದು ಅದನ್ನು ನೋಡಬೇಕೇ? ಬೇಡವೇ ಬೇಡ ಎಂದು ಖಂಡಿತವಾಗಿ ಹೇಳಿ ಮಲಗಿದೆ.

ಭಾನುವಾರ ಬೆಳಗ್ಗೆ ಅಡುಗೆಮನೆಗೆ ಹೋದರೆ ಅತ್ತೆ ಶಾವಿಗೆ ಹುರಿಯುತ್ತಿದ್ದರು.

"ಇವತ್ತೇನತ್ತೆ ವಿಶೇಷ?"

"ನಿಮ್ಮಣ್ಣ ಬಂದ್ರೆ ಪಾಯ್ಸ ಬ್ಯಾಡ್ವಾ?"

ನಮ್ಮ ಯಜಮಾನರ ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಕೆಲಸ ಮುಗಿಸಿಬಿಟ್ಟಿದ್ದರು.

"ಏನಂದ?"

ಅತ್ತೆ ಸೌಟು ಆಡಿಸುವುದನ್ನು ನಿಲ್ಲಿಸಿದರು. "ಏನೂ ಅನ್ನಿಲ್ಲ ಕಣಮ್ಮ. ಸುಮ್ಕೆ ಕೇಳ್ದ. ಮಡಗ್ಬುಟ್ಟ."

ಏನೂ ಅನ್ನಲಿಲ್ಲ. ಹೇಗೆ, ಯಾವಾಗ ಎಂದೂ ಕೇಳಲಿಲ್ಲ. ನನ್ನ ಫೋನು ಕೈಯಲ್ಲೇ ಇತ್ತು. ಒಂದು ಸಲ ಒತ್ತಿ "ಬದುಕಿದೀನಿ ಕಣಣ್ಣ" ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಬರುತ್ತಾನೋ ಇಲ್ಲವೋ ತಿಳಿಯಬೇಕು ಎಂಬ ಕೆಟ್ಟ ಆಸೆ ಹುಟ್ಟಿಬಿಟ್ಟಿತ್ತು. ಮಹಡಿ ಹತ್ತಿ ಸಿರಾ ರಸ್ತೆಯ ಕಡೆಗೆ ಮುಖಮಾಡಿ ನಿಂತೆ.

ಆ ದಿನ ಗಾಳಿ ಹೇಗಿತ್ತೆಂದರೆ ನೀರಿನ ಟ್ಯಾಂಕಿನ ಮುಚ್ಚಳ ಎದ್ದೆದ್ದು ಕೂರುತ್ತಿತ್ತು. ಕಾಗೆಗಳಿಗೆ ಜಾತ್ರೆಯೋ ಜಾತ್ರೆ. ಬೆಟ್ಟದ ಮಗ್ಗುಲಲ್ಲಿ ಎರಡು ಕಾಗೆಗಳು ಒಂದರ ಹಿಂದೊಂದು ಬಿದ್ದು, ಎದ್ದು, ಒಂದು ಮಗುಚಿದರೆ ಇನ್ನೊಂದೂ ಮಗುಚಿ, ಕಾಲಿಗೆ ಕಾಲು ತಾಗಿಸಿ ಬೇರೆಯಾಗುತ್ತಿದ್ದವು. ಗಾಳಿ ಒಂದನ್ನು ಕಿತ್ತೆಸೆಯುತ್ತಿತ್ತು. ಅದು ದೂರ ಹೋಗಿ, ಸುತ್ತಿ ಬಳಸಿ, ಆ ಗಾಳಿಯನ್ನೇ ಹತ್ತಿಕೊಂಡು ಮತ್ತೆ ಇನ್ನೊಂದರ ಪಕ್ಕಕ್ಕೇ ಬರುತ್ತಿತ್ತು. ನನ್ನ ಒಂದು ಕಣ್ಣು ಅಲ್ಲಿ, ಒಂದು ಕಣ್ಣು ರಸ್ತೆಯಲ್ಲಿ. ಗೌಡಗೆರೆಯಿಂದ ಸಿರಾ, ಸಿರಾದಿಂದ ಮಧುಗಿರಿ, ಈ ಗಾಳಿಯಲ್ಲಿ ಎಷ್ಟು ಹೊತ್ತು ಬೇಕು? ಆ ಹೊತ್ತು ಆಯಿತು. ಅದಕ್ಕಿಂತ ಹೆಚ್ಚೂ ಆಯಿತು. ಕೆಳಗೆ ಪಾಯಸ ಗಟ್ಟಿಯಾಗುತ್ತಿದೆ ಎಂದು ಅತ್ತೆ ಕೂಗಿದರು. ನನಗೆ ಅಳು ಬಂತು. ಸತ್ತವಳೇ ಅಳಬೇಕಾಯಿತಲ್ಲ ಎಂದು ನಗುವೂ ಬಂತು.

ಆಗ ಒಂದು ಬೈಕು ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಹೆಲ್ಮೆಟ್ಟು ಹಾಕಿದ, ಮೈಯೆಲ್ಲ ಕೆಂಧೂಳು ಮೆತ್ತಿದ ಮನುಷ್ಯ. ಇಳಿದು ನಮ್ಮ ಅಂಗಳವನ್ನು ನೋಡಿದ. ಶಾಮಿಯಾನ ಇಲ್ಲ, ಜನ ಇಲ್ಲ, ಬಾಗಿಲಲ್ಲಿ ಸೌಟು ಹಿಡಿದ ನಮ್ಮತ್ತೆ. ಹೆಲ್ಮೆಟ್ಟಿನ ಗಾಜನ್ನು ಎತ್ತದೆ ಹಾಗೇ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ನಿಧಾನವಾಗಿ ತಲೆಯೆತ್ತಿ ಮಹಡಿಯ ಕಡೆ ನೋಡಿದ.

"ಇಳ್ದು ಬಾರೇ ಕೆಳೀಕೆ, ಸತ್ತೋಳೆ!"

ಮೂರು ವರ್ಷದ ಮೇಲೆ ನಮ್ಮಣ್ಣ ನನಗೆ ಆಡಿದ ಮೊದಲ ಮಾತು ಅದು. ನಾನು ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ.

ಹೆಲ್ಮೆಟ್ಟು ತೆಗೆದ. ಕಣ್ಣು ಕೆಂಪಗಿದ್ದವು. "ಗಾಳಿ, ಧೂಳು" ಅಂದ ನಾನು ಕೇಳುವ ಮೊದಲೇ. ಹಾರ ತಂದಿರಲಿಲ್ಲ. ಕೂತು, ನೀರು ಕುಡಿದು, ಪಾಯಸದ ಲೋಟ ಕೈಗೆ ಬಂದ ಮೇಲೆ ಜಂಬ ಶುರುವಾಯಿತು.

"ನಂಗೆ ಗೌಡಗೆರೇಲೇ ಗೊತ್ತಾಗೋಯ್ತು. ಆಸಾಡದ್ ಗಾಳಿ, ಇವ್ಳು ಮಹಡಿ ಮ್ಯಾಲೆ. ಕಾಗೆ ಮುಟ್ಟೈತೆ, ಇನ್ನೇನಿಲ್ಲ ಅಂದ್ಕಂಡೆ."

"ಗೊತ್ತಿದ್ಮೇಲೆ ಯಾಕೆ ಬಂದೆ?"

"ಪಾಯ್ಸ ಇರ್ತದಲ್ಲ."

ಅತ್ತೆಯ ಮುಖ ಇಳಿದುಹೋಯಿತು. "ಅಂಗಾರೆ ದೋಸ ಹೋಗ್ನಿಲ್ವಲ್ಲಪ್ಪ! ಗೊತ್ತಿದ್ದೋನು ಅಳ್ತಾನಾ?"

"ನಾನ್ಯಾಕಳ್ಲಿ ಇವಳಿಗೆ?" ಅಂದ.

ಊಟವಾದ ಮೇಲೆ ಅವನೇ ಮಹಡಿಗೆ ಹೊರಟ. ಹೆಲ್ಮೆಟ್ಟು ಕೈಯಲ್ಲೇ ಇತ್ತು. ಬೆಟ್ಟದ ಕಡೆ ನೋಡಿ, "ಅಬ್ಬಬ್ಬಾ, ಏನ್ ಆಟ ಕಟ್ಟವೆ!" ಅಂದ. ಜೇಬಿಗೆ ಕೈ ಹಾಕಿದ. ತಂಗಿ ಸತ್ತಳೆಂದು ಹೊರಟವನ ಜೇಬಿನಲ್ಲೂ ಗೌಡಗೆರೆಯ ಕಡಲೇಕಾಯಿ! ಒಂದು ಬೀಜ ಎಸೆದ. ತಂತಿಯ ಮೇಲಿದ್ದ ಕಾಗೆ ಸುಮ್ಮನೆ ಕಾಲು ಬಿಟ್ಟು ಗಾಳಿಗೆ ಬಿತ್ತು, ಹಿಂದುಹಿಂದಕ್ಕೆ ಜಾರಿತು, ಬೀಜ ಬಂದು ಅದರ ಬಾಯಿ ಸೇರಿತು. ಇಬ್ಬರೂ ಒಟ್ಟಿಗೇ "ಭಲೇ" ಅಂದೆವು.

"ಮರ ಯಾಕೆ ಕಡಿಸ್ದೆ?" ಅಂದೆ.

"ಗಾಳಿಗೆ ಕೊಂಬೆ ಮುರ್ದು ನಿಮ್ಮತ್ತಿಗೆ ಪಕ್ದಲ್ಲೇ ಬಿತ್ತು. ಒಂದ್ ಮಾರು ಈಚೆಗೆ ಬಿದ್ದಿದ್ರೆ ನಿಜ್ವಾದ್ ಸುದ್ದೀನೇ ಬರೋದು ನಿಂಗೆ."

"ಹೇಳ್ಬಾರ್ದಾ ಮತ್ತೆ?"

"ನೀನು ಕೇಳ್ದಾ? ಬಂದೆ, ಕೂಗಾಡ್ದೆ, ಹೋದೆ." ಇನ್ನೊಂದು ಬೀಜ ಎಸೆದ. "ಕಾಗೆಗಳೇನು ಊರು ಬುಟ್ಟಿಲ್ಲ. ಮೊಬೈಲ್ ಟವರ್ ಮ್ಯಾಲೆ ಗೂಡು ಕಟ್ಟವೆ, ಕಬ್ಬಿಣದ್ ತಂತಿ ತಂದು. ಬಂದು ನೋಡು."

ಬರುತ್ತೇನೆ ಅಂದೆ. ಮತ್ತೊಂದು ಕಾಗೆ ನಮ್ಮ ತಲೆಯ ಮೇಲೇ ತಗ್ಗಾಗಿ ಹಾದುಹೋಯಿತು. ಅಣ್ಣ ಗಾಬರಿಯಿಂದ ಹೆಲ್ಮೆಟ್ಟನ್ನು ನನ್ನ ಕೈಗೆ ತುರುಕಿ, "ಇದು ಇಲ್ಲೇ ಇರ್ಲಿ. ಕಾಗೆ ನೋಡುವಾಗ ಹಾಕ್ಕೋ. ನಾನು ಬಸ್‌ಸ್ಟ್ಯಾಂಡ್ ತಾವ ಇನ್ನೊಂದ್ ತಕ್ಕಂತೀನಿ" ಅಂದ. ಮುಖ ಮಾತ್ರ ಬೆಟ್ಟದ ಕಡೆಗೇ ಇತ್ತು.

ಕೆಳಗಿನಿಂದ ಅತ್ತೆಯ ಕೂಗು. "ಏನಮ್ಮಾ, ನಿಮ್ಮಣ್ಣ ಅಳ್ನಿಲ್ವಲ್ಲ, ನಿನ್ ತವರ್ ಕಡೆ ಚಿಕ್ಕಮ್ಮಂಗಾದ್ರೂ ಫೋನ್ ಮಾಡ್ಲಾ? ಅವ್ಳಾದ್ರೆ ಚೆನ್ನಾಗ್ ಅಳ್ತಾಳೆ!"

ನಾನು ಹೆಲ್ಮೆಟ್ಟನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಲು ಹೋಗಿ, ಒಳಗೆ ಕೈಹಾಕಿ ಹಿಡಿದೆ. ಹಣೆಯ ಕಡೆಯ ಸ್ಪಂಜು ಒಣಗಿತ್ತು. ಕೆನ್ನೆಗೆ ಒತ್ತುವ ಎರಡು ಮೆತ್ತೆಗಳಿವೆಯಲ್ಲ, ಅವೆರಡೂ ಇನ್ನೂ ತೊಯ್ದು ತೊಪ್ಪೆಯಾಗಿದ್ದವು. ಗಾಜು ಮುಚ್ಚಿದ ಹೆಲ್ಮೆಟ್ಟಿನೊಳಗೆ ಗಾಳಿಯೂ ಹೋಗದು, ಧೂಳೂ ಹೋಗದು. ಗೌಡಗೆರೆಯಿಂದ ಮಧುಗಿರಿಯವರೆಗೂ ನಮ್ಮಣ್ಣ ಒಬ್ಬನೇ ಅದರೊಳಗೆ ಕೂತು ಬಂದಿದ್ದ.

ಕೈ ಒರೆಸಿಕೊಳ್ಳದೆ ಮೆಟ್ಟಿಲ ಮೇಲಿನಿಂದಲೇ ಕೂಗಿ ಹೇಳಿದೆ: "ಯಾರಿಗೂ ಮಾಡ್ಬೇಡಿ ಅತ್ತೆ. ದೋಷ ಹೋಗಿದೆ."